ಊಟದ ಡಬ್ಬಿಗೆ ಹೊತ್ತು ಕೊಡಿ: ಶಿಕ್ಷಣಾಧಿಕಾರಿಗಳಿಗೂ ಖಾಸಗಿ ಶಾಲೆಗಳಿಗೂ ಕೋಲಾರದಿಂದ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೋಲಾರ ಜಿಲ್ಲೆ
ಹಾಗೂ ಜಿಲ್ಲೆಯ ಅನುದಾನರಹಿತ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು

ಮಾನ್ಯರೆ,

ಮಕ್ಕಳು ಮನೆಯಿಂದ ಶಾಲೆಗೆ ಕೊಂಡೊಯ್ಯುವ ಊಟದ ಡಬ್ಬಿಯ ವಿಚಾರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಡಬ್ಬಿಗೆ ಏನು ತುಂಬಬೇಕೆಂಬುದು ಮನೆಯವರ ಪಾಡು, ಅದರಲ್ಲಿ ಇಲಾಖೆಗೇನು ಕೆಲಸ ಎಂದು ತಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಖಾಸಗಿ ಶಾಲೆಗೆ ಹೋಗುವ ಮಗುವಿನ ಮಧ್ಯಾಹ್ನದ ಊಟವನ್ನು ಈಗ ನಿರ್ಧರಿಸುತ್ತಿರುವುದು ಶಾಲಾ ವಾಹನ ಬರುವ ವೇಳೆ, ಊಟದ ಬಿಡುವಿನ ಅವಧಿ ಮತ್ತು ವರ್ಷಾರಂಭದಲ್ಲಿ ಶಾಲೆಯವರು ಕೈಗಿಡುವ ಸೂಚನೆಗಳ ಹಾಳೆ. ಈ ಮೂರನ್ನೂ ತಿದ್ದುವ ಅಧಿಕಾರ ತಂದೆತಾಯಿಯರಿಗಿಲ್ಲ, ತಮಗಿದೆ.

ನಾನು ಕೋಲಾರ ನಗರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ಮಗ ಏಳನೆಯ ತರಗತಿ, ಮಗಳು ಎರಡನೆಯ ತರಗತಿ. ಇಬ್ಬರೂ ಇಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಓದುತ್ತಿದ್ದಾರೆ. ಶಾಲೆಯ ಹೆಸರು ಈ ಪತ್ರಕ್ಕೆ ಬೇಕಿಲ್ಲ, ಏಕೆಂದರೆ ಬಂಗಾರಪೇಟೆ, ಮಾಲೂರು, ಮುಳಬಾಗಿಲುಗಳಲ್ಲಿರುವ ನಮ್ಮ ನೆಂಟರ ಮಕ್ಕಳ ಶಾಲೆಗಳಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ ನಡೆದಿದೆ. ಈ ವರ್ಷದ ಮೊದಲ ಪೋಷಕರ ಸಭೆಯಲ್ಲಿ ಪೌಷ್ಟಿಕ ಆಹಾರದ ಕುರಿತು ಉಪನ್ಯಾಸ ಏರ್ಪಡಿಸಿದ್ದರು. ಇಂದಿನ ತಾಯಂದಿರು ಮೈ ಬಗ್ಗಿಸಲು ಒಲ್ಲದೆ ನೂಡಲ್ಸ್, ಬ್ರೆಡ್, ಬಿಸ್ಕತ್ತುಗಳ ಮೊರೆಹೋಗುತ್ತಿದ್ದಾರೆಂದು ಉಪನ್ಯಾಸಕರು ಬೇಸರಪಟ್ಟರು. ಸಭೆ ಮುಗಿಸಿ ಹೊರಗೆ ಬರುವಾಗ ಎಲ್ಲರ ಕೈಗೂ ಒಂದು ಹಾಳೆ ಬಂತು. ಸಾರು, ಹುಳಿ, ಮಜ್ಜಿಗೆಯಂಥ ಚೆಲ್ಲುವ ಪದಾರ್ಥ ಕಳುಹಿಸಬಾರದು. ಮೊಟ್ಟೆ, ಮಾಂಸ ತರಬಾರದು. ವಾಸನೆ ಬರುವ ತಿನಿಸು ಬೇಡ. ಮಕ್ಕಳು ಬೇಗ ತಿಂದು ಮುಗಿಸಬಹುದಾದ ಒಣ ತಿನಿಸಿಗೆ ಆದ್ಯತೆ ಕೊಡಬೇಕು. ಈ ಹಾಳೆಯನ್ನು ಚಾಚೂ ತಪ್ಪದೆ ಪಾಲಿಸಿದ ಮನೆಯಲ್ಲಿ ಕೊನೆಗೆ ಉಳಿಯುವುದು ಉಪನ್ಯಾಸಕರು ಬೇಡವೆಂದ ಬ್ರೆಡ್ ಜಾಮೇ. ಹಾಳೆಯ ತಲೆಬರಹ ‘ತಾಯಂದಿರ ಗಮನಕ್ಕೆ’ ಎಂದಿತ್ತು. ಶುಲ್ಕದ ರಸೀದಿಯಲ್ಲಿ ಮಾತ್ರ ತಂದೆಯ ಹೆಸರಿರುತ್ತದೆ.

ಮೈ ಬಗ್ಗಿಸಲು ಒಲ್ಲದವರೆಂಬ ಮಾತನ್ನು ಒಪ್ಪುವ ಮುಂಚೆ ಈ ಜಿಲ್ಲೆಯ ಬೆಳಗಿನ ಜಾವವನ್ನು ಒಮ್ಮೆ ನೋಡಬೇಕು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಂಪನಿ ಬಸ್ಸುಗಳು ನಸುಕಿನಲ್ಲೇ ಊರೂರಿನ ಗೇಟುಗಳಲ್ಲಿ ನಿಂತು ಹೆಣ್ಣುಮಕ್ಕಳನ್ನು ಹತ್ತಿಸಿಕೊಳ್ಳುತ್ತವೆ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋಗುವವರು ಹೊತ್ತು ಹುಟ್ಟುವ ಮೊದಲೇ ರೈಲು ಹಿಡಿಯುತ್ತಾರೆ. ಹಸು ಕಟ್ಟಿದ ಮನೆಗಳಲ್ಲಿ ಹಾಲು ಕರೆದು ಡೇರಿಗೆ ಹಾಕುವ ಹೊತ್ತೂ ಅದೇ. ಇದರ ನಡುವೆ ಶಾಲಾ ವಾಹನ ಏಳೂಕಾಲಕ್ಕೇ ಬಂದು ಹಾರ್ನ್ ಹೊಡೆಯುತ್ತದೆ. ಶಾಲೆ ಶುರುವಾಗುವುದು ಎಂಟೂಮುಕ್ಕಾಲಿಗಾದರೂ ಒಂದೇ ವಾಹನ ಎರಡು ಸುತ್ತು ಹೊಡೆಯಬೇಕಾದ್ದರಿಂದ, ಮೊದಲ ಸುತ್ತಿಗೆ ಸಿಕ್ಕಿದ ಮಗು ಶಾಲೆಯ ಅಂಗಳದಲ್ಲಿ ಸುಮ್ಮನೆ ಕಾಯುತ್ತಾ ಕುಳಿತಿರುತ್ತದೆ.

ಏಳೂಕಾಲಕ್ಕೆ ವಾಹನವೆಂದರೆ ಆರೂಮುಕ್ಕಾಲಿಗೆ ಡಬ್ಬಿ ಮುಚ್ಚಿರಬೇಕು, ಮಗು ಅದನ್ನು ತೆರೆಯುವುದು ಹನ್ನೆರಡೂಮುಕ್ಕಾಲಿಗೆ. ನಡುವಿನ ಈ ಆರು ಗಂಟೆಯ ಮಾತು ಪೌಷ್ಟಿಕತೆಯ ಉಪನ್ಯಾಸಗಳಲ್ಲಿ ಬರುವುದೇ ಇಲ್ಲ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮಕ್ಕಳ ಡಬ್ಬಿ ಅದರ ಮೂರು ಪಟ್ಟು ಹೊತ್ತು ಪುಸ್ತಕದ ಚೀಲದೊಳಗಿರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಬೆಚ್ಚಗೆ ಮುಚ್ಚಿಟ್ಟ ಕಡೆ ಅವು ಮೊಳೆತು, ಬೆಳೆದು, ವಾಂತಿಭೇದಿ ತರುವ ವಿಷವನ್ನು ಬಿಡುತ್ತವೆ. ಬಿಸಿ ಅನ್ನವನ್ನು ಹಾಗೆಯೇ ತುಂಬಿ ಒತ್ತಿ ಮುಚ್ಚಿದರೆ ಮುಚ್ಚಳದ ಒಳಮೈಗೆ ಹಬೆ ಕೂತು, ಹನಿಯಾಗಿ ಕೆಳಗಿಳಿದು, ಮಧ್ಯಾಹ್ನದ ಹೊತ್ತಿಗೆ ಮೇಲಿನ ಪದರ ಅಂಟಂಟಾಗಿ ಹಳಸಿದ ವಾಸನೆ ಬರುತ್ತದೆ. ಆದ್ದರಿಂದ ತಿಳಿದವರು ಅನ್ನವನ್ನು ಅಗಲವಾದ ತಟ್ಟೆಗೆ ಹರವಿ, ಫ್ಯಾನಿನ ಕೆಳಗೆ ಆರಿಸಿ, ನಿಂಬೆಹಣ್ಣು ಹಿಂಡಿಯೋ ಹುಣಸೆಗೊಜ್ಜು ಕಲೆಸಿಯೋ ಕಳುಹಿಸುತ್ತಾರೆ; ಹುಳಿ ಬಿದ್ದ ಅನ್ನ ಹೆಚ್ಚು ಹೊತ್ತು ತಡೆಯುತ್ತದೆ. ಮೊಸರನ್ನವಾದರೆ ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿ ಆರಿಸಿದ ಹಾಲು ಸುರಿದು, ಒಂದೇ ಒಂದು ಚಮಚ ಮೊಸರು ಬೆರೆಸಬೇಕು. ಊಟದ ಹೊತ್ತಿಗೆ ಅದು ಹದವಾಗಿ ಹೆಪ್ಪುಗಟ್ಟಿರುತ್ತದೆ, ಬೆಳಗ್ಗೆಯೇ ಮೊಸರು ಸುರಿದು ಕಳುಹಿಸಿದರೆ ಹುಳಿಗೆ ಮಗು ಮುಖ ಕಿವುಚುತ್ತದೆ. ಕಾಯಿಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಅದರ ಬದಲು ಕಡಲೆಕಾಯಿ ಪುಡಿಯನ್ನೋ ಹುಚ್ಚೆಳ್ಳು ಪುಡಿಯನ್ನೋ ತುಪ್ಪದಲ್ಲಿ ಕಲೆಸಿ ದೋಸೆಗೆ ಸವರಬಹುದು. ಮೊಳಕೆ ಹೆಸರುಕಾಳಿನ ಕೋಸಂಬರಿ ಎಷ್ಟೇ ಒಳ್ಳೆಯದೆಂದರೂ, ಉಪ್ಪು ಬಿದ್ದ ಕೂಡಲೇ ನೀರು ಬಿಟ್ಟುಕೊಂಡು ಊಟದ ಹೊತ್ತಿಗೆ ಲೋಳೆಯಾಗಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಡಬ್ಬಿ ಕಟ್ಟುವಾಗ, ಪೊಟ್ಟಣದ ತಿನಿಸಿಗೆ ಮನೆಯವರು ಒಲಿಯುವುದು ಬರೀ ಸೋಮಾರಿತನದಿಂದಲ್ಲ ಎಂಬುದು ಗೊತ್ತಾಗುತ್ತದೆ. ಬಿಸ್ಕತ್ತು ಹಳಸುವುದಿಲ್ಲ, ಮಗುವಿಗೆ ಹೊಟ್ಟೆ ಕೆಟ್ಟಿತೆಂಬ ಫೋನು ಕಚೇರಿಗೆ ಬರುವುದಿಲ್ಲ. ಆದರೆ ಅದಕ್ಕೆ ತೆರುವ ಬೆಲೆಯನ್ನೂ ನೋಡಬೇಕು. ಕ್ರೀಮ್ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಪದಾರ್ಥಗಳ ಪಟ್ಟಿಯ ಮೊದಲ ಸಾಲಿನಲ್ಲೇ ಸಾಮಾನ್ಯವಾಗಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಸಿಗುತ್ತವೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಬೇಕು. ನೂಡಲ್ಸಿನ ಒಂದು ಸಣ್ಣ ಪೊಟ್ಟಣದಲ್ಲೇ ಅದರ ದೊಡ್ಡ ಪಾಲು ಹೊಟ್ಟೆಗೆ ಸೇರುತ್ತದೆ. ಅದೂ ಬೆಳಗ್ಗೆ ಬೇಯಿಸಿದ ನೂಡಲ್ಸು ಮಧ್ಯಾಹ್ನಕ್ಕೆ ಡಬ್ಬಿಯ ಆಕಾರದ ಒಂದೇ ಗಟ್ಟಿಯಾಗಿ ಚಮಚಕ್ಕೆ ಎದ್ದುಬರುವುದನ್ನು ಕಂಡವರಿಗೆ, ಮಕ್ಕಳು ಅದನ್ನು ರುಚಿಗಾಗಿ ತಿನ್ನುತ್ತಾರೆಂದು ಹೇಳಲು ಬಾಯಿ ಬರುವುದಿಲ್ಲ. ವಾರಕ್ಕೊಂದು ದಿನ ಬ್ರೆಡ್ ಜಾಮ್ ತಿಂದ ಮಗು ಕೆಡುವುದಿಲ್ಲ, ಆ ದಿನ ಮನೆಯವರಿಗೂ ಉಸಿರಾಡಲು ಬಿಡುವು ಸಿಗುತ್ತದೆ. ನನ್ನ ತಕರಾರು ಅದು ವಾರಕ್ಕೆ ನಾಲ್ಕು ದಿನವಾಗುವುದರ ಬಗ್ಗೆ.

ನಮ್ಮ ಜಿಲ್ಲೆಯ ಊಟವೆಂದರೆ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಮಿನ ಆಸುಪಾಸು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ಐವತ್ತು ಗ್ರಾಂ ರಾಗಿ ಹಿಟ್ಟು ಹೊಟ್ಟೆಗೆ ಬಿದ್ದರೆ ಅದರ ಕಾಲುಭಾಗಕ್ಕಿಂತ ಹೆಚ್ಚು ಒದಗುತ್ತದೆ. ಹೀಗಿದ್ದರೂ ಶಾಲೆಯ ಡಬ್ಬಿಯಲ್ಲಿ ರಾಗಿ ಕಾಣುವುದಿಲ್ಲ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ, ಜೊತೆಗೆ ಬಸ್ಸಾರೋ ಹುರುಳಿಕಾಳಿನ ಸಾರೋ ಬೇಕು, ಸಾರು ಹಾಳೆಯ ಪ್ರಕಾರ ನಿಷಿದ್ಧ. ರೊಟ್ಟಿ ಹತ್ತು ಗಂಟೆಗೆಲ್ಲ ಬಿರುಸಾಗುತ್ತದೆ. ಆದರೆ ರಾಗಿ ಹಿಟ್ಟಿಗೆ ಉದ್ದಿನಬೇಳೆ ರುಬ್ಬಿ ಬೆರೆಸಿ, ರಾತ್ರಿಯಿಡೀ ಹುಳಿ ಬರಿಸಿ ಹುಯ್ದ ದೋಸೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ನಮ್ಮ ಮನೆಯಲ್ಲಿ ಡಬ್ಬಿಗೆ ಹೊಂದಿಕೊಂಡ ರಾಗಿಯ ತಿನಿಸು ಅದು.

ಅದಕ್ಕಿಂತಲೂ ಸುಲಭವಾದದ್ದು ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಬಾಣಲೆಯಲ್ಲಿ ಅರಳುವಂತೆ ಹುರಿದು, ಬೀಸಿ, ಜರಡಿ ಹಿಡಿದಿಟ್ಟ ಹಿಟ್ಟು ಅದು. ಒಲೆ ಹಚ್ಚದೆ ತಿನ್ನಬಹುದಾದ ಇಂಥ ಆಹಾರವನ್ನು ಕಂಪನಿಗಳು ಹುಟ್ಟುವ ಎಷ್ಟೋ ಕಾಲದ ಹಿಂದೆಯೇ ಈ ಸೀಮೆಯ ಹೆಂಗಸರು ಮಾಡಿಟ್ಟುಕೊಂಡಿದ್ದರು. ಭಾನುವಾರ ಸಂಜೆ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಬಿಸಿ ತುಪ್ಪ ಕಲೆಸಿ ಉಂಡೆ ಕಟ್ಟಿದರೆ ವಾರವಿಡೀ ಕೆಡುವುದಿಲ್ಲ. ಚೆಲ್ಲುವುದಿಲ್ಲ, ವಾಸನೆಯಿಲ್ಲ, ಕೈಗೆ ಅಂಟುವುದಿಲ್ಲ. ಒಂದು ಹಿಡಿ, ಅಂದರೆ ಸುಮಾರು ಮೂವತ್ತು ಗ್ರಾಂ ಕಡಲೆಕಾಯಿ ಬೀಜದಲ್ಲಿ ಏಳು ಗ್ರಾಮಿನಷ್ಟು ಪ್ರೋಟೀನ್ ಇರುತ್ತದೆ, ಒಂದು ಮೊಟ್ಟೆಯಲ್ಲಿರುವುದಕ್ಕಿಂತ ತುಸು ಹೆಚ್ಚೇ. ಮಗಳು ಒಯ್ದ ಉಂಡೆ ಮೊದಲ ದಿನ ಹಾಗೆಯೇ ಮರಳಿತು, ಪಕ್ಕದ ಮಗು ಅದನ್ನು ಕಂಡು ಮಣ್ಣುಂಡೆ ಎಂದು ನಕ್ಕಿತಂತೆ. ಮಕ್ಕಳ ನಗುವಿಗೆ ಬೇಸರಪಡಬೇಕಾಗಿಲ್ಲ. ಆದರೆ ಅದೇ ಶಾಲೆಯ ‘ಆರೋಗ್ಯಕರ ಡಬ್ಬಿ’ ಸ್ಪರ್ಧೆಯಲ್ಲಿ ಓಟ್ಸ್ ಕೇಕಿಗೆ ಮೊದಲ ಬಹುಮಾನ ಬಂದಾಗ, ಕೋಲಾರದ ಮಕ್ಕಳಿಗೆ ಯಾವುದು ಊಟ, ಯಾವುದು ನಗೆಪಾಟಲು ಎಂಬುದನ್ನು ಕಲಿಸುತ್ತಿರುವವರು ಯಾರು ಎಂದು ಯೋಚಿಸುವಂತಾಯಿತು.

ಇನ್ನು ಊಟದ ಬಿಡುವು. ನಮ್ಮ ಮಕ್ಕಳ ಶಾಲೆಯಲ್ಲಿ ಅದು 25 ನಿಮಿಷ. ಗಂಟೆ ಹೊಡೆದ ಮೇಲೆ ಪುಸ್ತಕ ಒಳಗಿಟ್ಟು, ಸಾಲಿನಲ್ಲಿ ನಲ್ಲಿಯ ಬಳಿಗೆ ಹೋಗಿ ಕೈ ತೊಳೆದು, ಮರಳಿ ಬಂದು ಕೂರಬೇಕು. ಎರಡನೆಯ ತರಗತಿಯ ಮಗುವಿನ ಬೆರಳಿಗೆ ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳ ಸುಲಭವಾಗಿ ಜಗ್ಗುವುದಿಲ್ಲ; ಪಕ್ಕದ ಕ್ಲಿಪ್ಪನ್ನು ಬಿಚ್ಚಿಕೊಡಲು ಮಿಸ್ಸು ಒಬ್ಬೊಬ್ಬರ ಬಳಿಗೂ ಬರಬೇಕು, ತರಗತಿಯಲ್ಲಿ ನಲವತ್ತು ಮಕ್ಕಳಿರುತ್ತಾರೆ. ಊಟ ಮುಗಿಸಿ ಮತ್ತೆ ಕೈ ತೊಳೆದು ಶೌಚಾಲಯಕ್ಕೆ ಹೋಗಿಬರುವ ಹೊತ್ತನ್ನು ಕಳೆದರೆ ಬಾಯಿಗೆ ತುತ್ತಿಡಲು ಹತ್ತು ನಿಮಿಷ ಉಳಿದೀತು. ಮಗು ಕುಳಿತು ತಿನ್ನುವುದಕ್ಕೇ ಕನಿಷ್ಠ 20 ನಿಮಿಷ ಸಿಗಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಅಲ್ಲಿನ ಶಾಲೆಗಳಿಗೆ ಸಲಹೆ ಕೊಡುತ್ತದೆ. ಕೈಯಲ್ಲಿ ಕಲೆಸಿ ಉಣ್ಣುವ ನಮ್ಮ ಊಟಕ್ಕೆ ಅದಕ್ಕಿಂತ ಕಡಿಮೆ ಸಾಕಾಗುವುದಿಲ್ಲ. ಹತ್ತು ನಿಮಿಷದಲ್ಲಿ ಚಪಾತಿ, ಹುರುಳಿಕಾಯಿ ಪಲ್ಯ ಮುಗಿಯುವುದಿಲ್ಲವೆಂದು ಮಗುವಿಗೂ ಗೊತ್ತು. ಅರ್ಧ ಡಬ್ಬಿ ಮನೆಗೆ ಮರಳುತ್ತದೆ. ಮೂರ್ನಾಲ್ಕು ದಿನ ಹೀಗಾದ ಮೇಲೆ, ಪೂರ್ತಿ ತಿನ್ನುವಂಥದ್ದನ್ನೇ ಕಳುಹಿಸೋಣವೆಂದು ಮನೆಯವರು ಬ್ರೆಡ್ಡಿಗೆ ಬರುತ್ತಾರೆ. ತಿಂದು ಮುಗಿಸುವ ವೇಗವನ್ನು ನೋಡಿಕೊಂಡು ಊಟ ಆರಿಸುವ ಪರಿಪಾಠ ಬಿದ್ದದ್ದು ಹೀಗೆ.

ಸರ್ಕಾರಿ ಶಾಲೆಗೆ ಹೋಗುವ ಮಗುವಿನ ಊಟವನ್ನು ಇದಕ್ಕೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಒಂದರಿಂದ ಐದನೆಯ ತರಗತಿಯ ಮಗುವಿನ ಮಧ್ಯಾಹ್ನದ ತಟ್ಟೆಯಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕು, ಆರರಿಂದ ಎಂಟನೆಯ ತರಗತಿಯವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಇರಬೇಕೆಂದು ಆ ಯೋಜನೆಯಲ್ಲಿ ಲೆಕ್ಕವಿದೆ. ತರಕಾರಿ ಎಷ್ಟು ಗ್ರಾಂ, ಬೇಳೆ ಎಷ್ಟು ಗ್ರಾಂ ಎಂಬುದನ್ನೂ ಗೊತ್ತುಮಾಡಿದ್ದಾರೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. 2024ರಿಂದ ಹಾಲಿನ ಜೊತೆಗೆ ರಾಗಿ ಮಾಲ್ಟ್ ಸೇರಿತು, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆಯೂ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆ ಅಡುಗೆಯಲ್ಲಿ ಕುಂದುಕೊರತೆಗಳು ಇಲ್ಲವೆಂದಲ್ಲ. ಆದರೂ ಬೆಳಗ್ಗೆ ಬೇಯಿಸಿದ ಬಿಸಿ ಊಟವನ್ನು ಆ ಮಗು ತನ್ನ ಶಾಲೆಯಲ್ಲೇ ಕೂತು ಉಣ್ಣುತ್ತದೆ. ವರ್ಷಕ್ಕೆ ಸಾವಿರಾರು ರೂಪಾಯಿ ಶುಲ್ಕ ಕಟ್ಟಿಸಿಕೊಳ್ಳುವ ಶಾಲೆಯ ಮಗು ಆರು ಗಂಟೆ ಹಿಂದಿನ ತಣ್ಣನೆಯ ಬ್ರೆಡ್ಡನ್ನು ಹತ್ತು ನಿಮಿಷದಲ್ಲಿ ನುಂಗುತ್ತದೆ. ಎರಡು ತುಂಡು ಬ್ರೆಡ್ಡಿನಲ್ಲಿ ಸಿಗುವ ಪ್ರೋಟೀನ್ ನಾಲ್ಕೈದು ಗ್ರಾಂ, ಜಾಮಿನಲ್ಲಿ ಇಲ್ಲವೆಂದೇ ಹೇಳಬೇಕು. ಸರ್ಕಾರ ಬಡ ಮಗುವಿಗೆ ಗೊತ್ತುಮಾಡಿದ 12 ಗ್ರಾಮಿನ ಅರ್ಧವೂ ಅದಲ್ಲ.

ಮೊಟ್ಟೆಯ ವಿಷಯವನ್ನು ಬಿಡಿಸಿ ಹೇಳಬೇಕು. ಒಂದೇ ಬೀದಿಯ ಸರ್ಕಾರಿ ಶಾಲೆಯಲ್ಲಿ ಸರ್ಕಾರವೇ ಬೇಯಿಸಿಕೊಡುವ ಪದಾರ್ಥ, ಎದುರಿನ ಖಾಸಗಿ ಶಾಲೆಯ ಡಬ್ಬಿಯಲ್ಲಿ ಸಿಕ್ಕಿದರೆ ತಪ್ಪಾಗುತ್ತದೆ. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ ಮುಜುಗರವಾಗುತ್ತದೆಂದು ಶಾಲೆಯವರು ಹೇಳುತ್ತಾರೆ, ಅದನ್ನು ತಳ್ಳಿಹಾಕಲಾರೆ. ಅಂಥವರು ಬೇರೆ ಬೆಂಚಿನಲ್ಲಿ ಕೂತು ಉಂಡರೆ ಯಾರಿಗೂ ನೋವಿಲ್ಲ, ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನುವವರೂ ಬಾಳೆಹಣ್ಣು ತಿನ್ನುವವರೂ ಒಂದೇ ಪಡಸಾಲೆಯಲ್ಲಿ ಕೂರುತ್ತಲೇ ಇದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆ ಮಕ್ಕಳೇ ಈಗ ಪ್ರಾಥಮಿಕ ಶಾಲೆಗಳ ಬೆಂಚುಗಳ ಮೇಲಿದ್ದಾರೆ. ಇಂಥ ರಾಜ್ಯದಲ್ಲಿ, ಎಲ್ಲಕ್ಕಿಂತ ಸುಲಭವಾಗಿ ಬೇಯುವ, ಸಿಪ್ಪೆಯೊಳಗೇ ಶುಚಿಯಾಗಿರುವ ಆಹಾರವನ್ನು ವಾಸನೆಯ ನೆಪದಲ್ಲಿ ಬಾಗಿಲಲ್ಲೇ ತಡೆಯುವುದು ಸರಿಯಲ್ಲ.

ಶಾಲೆಯ ಗೇಟಿನ ಹೊರಗೂ ಒಂದು ನಿಯಮವಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ, ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆ ಇರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ ಯಾವುದೇ ದಿಕ್ಕಿನಲ್ಲಿ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಡಬ್ಬಿ ಅರ್ಧ ಬಿಟ್ಟ ಮಗು ಸಂಜೆ ಹಸಿದು ಹೊರಬಂದು ಐದು ರೂಪಾಯಿಯ ಕುರುಕಲು ಪೊಟ್ಟಣ ಹಿಡಿಯುವುದು ಈ 50 ಮೀಟರಿನೊಳಗೇ. ಇದನ್ನು ಜಾರಿಗೆ ತರುವಾಗ ಒಂದು ಎಚ್ಚರ ಬೇಕು. ಸೀಬೆಹಣ್ಣು, ನೆಲ್ಲಿಕಾಯಿ, ಬೇಯಿಸಿದ ಕಡಲೆಕಾಯಿ ಮಾರುವ ಅಜ್ಜಿಯನ್ನು ಎಬ್ಬಿಸಿ ಓಡಿಸಿ, ಗಾಜಿನ ಬಾಗಿಲಿನ ಬೇಕರಿಯನ್ನು ಕಣ್ಣೆತ್ತಿಯೂ ನೋಡದ ತಪಾಸಣೆ ನಮಗೆ ಬೇಡ.

ಆಡಳಿತ ಮಂಡಳಿಗಳ ಕಷ್ಟವನ್ನೂ ನಾನು ಬಲ್ಲೆ. ಸಾರು ಚೆಲ್ಲಿದರೆ ಪುಸ್ತಕ ಹಾಳಾಗುತ್ತದೆ, ಇರುವೆ ಮುತ್ತುತ್ತವೆ, ಒರೆಸಲು ಆಯಾ ಒಬ್ಬರೇ ಇರುತ್ತಾರೆ. ಪಾಠದ ಅವಧಿ ಕಡಿಮೆಯಾದರೆ ಮೊದಲು ದೂರು ತರುವವರೂ ಪೋಷಕರೇ. ಹೀಗಾಗಿ ಖರ್ಚಿಲ್ಲದೆ ಆಗಬಹುದಾದದ್ದನ್ನಷ್ಟೇ ಮೊದಲು ಕೇಳುತ್ತಿದ್ದೇನೆ. ಊಟದ ಬಿಡುವನ್ನು 40 ನಿಮಿಷಕ್ಕೆ ಏರಿಸಬೇಕು. ಅದಕ್ಕೆ ಬೇಕಾದ ಹದಿನೈದು ನಿಮಿಷ, ವಾಹನದ ಮೊದಲ ಸುತ್ತಿನ ಮಕ್ಕಳು ಬೆಳಗ್ಗೆ ಸುಮ್ಮನೆ ಕೂರುವ ಹೊತ್ತಿನಲ್ಲೇ ಇದೆ, ಶಾಲೆ ಹದಿನೈದು ನಿಮಿಷ ಮೊದಲು ಶುರುವಾದರೂ ನಮ್ಮ ಅಭ್ಯಂತರವಿಲ್ಲ. ಸಣ್ಣ ತರಗತಿಗಳನ್ನು ಹತ್ತು ನಿಮಿಷ ಮುಂಚೆ ಊಟಕ್ಕೆ ಬಿಟ್ಟರೆ ನಲ್ಲಿಯ ಮುಂದಿನ ಸಾಲು ತಾನಾಗಿ ಕರಗುತ್ತದೆ. ಚೆಲ್ಲದಂತೆ ತಿರುಪು ಮುಚ್ಚಳದ ಡಬ್ಬಿ ತರಬೇಕೆಂದು ಬೇಕಾದರೆ ವಿಧಿಸಲಿ, ಪದಾರ್ಥವನ್ನೇ ನಿಷೇಧಿಸುವುದು ಬೇಡ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಮಧ್ಯಾಹ್ನ ಮನೆಯಿಂದ ಡಬ್ಬಿ ತಂದುಕೊಡಲು ಮತ್ತೆ ಅನುಮತಿ ಸಿಗಬೇಕು. ಕೋಲಾರದ ಗಲ್‌ಪೇಟೆಯಿಂದ ಟಮಕದವರೆಗೆ ಸ್ಕೂಟರಿನಲ್ಲಿ ಎಷ್ಟು ಕಡಿಮೆ ಹೊತ್ತಿನ ದಾರಿ ಎಂಬುದು ತಮಗೆ ಗೊತ್ತಿದೆ. ನಮ್ಮ ಊರುಗಳು ಇನ್ನೂ ಬೆಂಗಳೂರಾಗಿಲ್ಲ. ಅಜ್ಜಿ ತಾತ ಇರುವ ಎಷ್ಟೋ ಮನೆಗಳಿಂದ ಹನ್ನೆರಡೂವರೆಗೆ ಬಿಸಿ ಊಟದ ಕ್ಯಾರಿಯರ್ ಗೇಟಿಗೆ ಬರುತ್ತಿತ್ತು. ಸುರಕ್ಷತೆಯ ಕಾರಣ ಹೇಳಿ ಈಗ ಬಹುಪಾಲು ಶಾಲೆಗಳು ಅದನ್ನು ನಿಲ್ಲಿಸಿವೆ. ಹೊರಗಿನವರು ಒಳಗೆ ಬರಬಾರದೆಂಬುದು ಸರಿ. ಗೇಟಿನ ಪಕ್ಕ ತರಗತಿವಾರು ಒಂದು ಕಬ್ಬಿಣದ ಕಪಾಟು ಇಟ್ಟು, ಹೆಸರು ಬರೆದ ಡಬ್ಬಿಯನ್ನು ಅಲ್ಲಿಟ್ಟು ಹೋಗಲು ಬಿಟ್ಟರೆ ಆ ಭಯವೂ ಇರುವುದಿಲ್ಲ, ಆರು ಗಂಟೆಯ ತೊಡಕೂ ಇರುವುದಿಲ್ಲ. ಅಂಥ ಅನುಕೂಲವಿಲ್ಲದ ಮನೆಗಳಿಗಾಗಿ, ಹಣ ಪಡೆದು ಬಿಸಿ ಊಟ ಒದಗಿಸಲು ಹತ್ತಿರದ ಸ್ತ್ರೀಶಕ್ತಿ ಸಂಘಗಳನ್ನು ಶಾಲೆಗಳು ವಿಚಾರಿಸಬಹುದು. ತಟ್ಟೆಯಲ್ಲಿ ಏನಿರಬೇಕೆಂಬ ಲೆಕ್ಕ ಸರ್ಕಾರದ ಯೋಜನೆಯಲ್ಲೇ ಸಿದ್ಧವಿದೆ. ನನ್ನಂಥ ಹಲವು ಪೋಷಕರು ಅದಕ್ಕೆ ಹಣ ಕೊಡಲು ಸಿದ್ಧರಿದ್ದೇವೆ.

ಆದ್ದರಿಂದ, ಊಟದ ಬಿಡುವಿನ ಕನಿಷ್ಠ ಅವಧಿಯನ್ನು ಗೊತ್ತುಮಾಡಿ, ಮನೆ ಊಟದ ಮೇಲಿನ ನಿಷೇಧಗಳನ್ನು ಹಿಂತೆಗೆಯುವಂತೆ ಜಿಲ್ಲೆಯ ಎಲ್ಲ ಖಾಸಗಿ ಶಾಲೆಗಳಿಗೆ ತಾವು ಸುತ್ತೋಲೆ ಹೊರಡಿಸಬೇಕೆಂದೂ, 50 ಮೀಟರಿನ ನಿಯಮದ ಬಗ್ಗೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಪತ್ರ ಬರೆಯಬೇಕೆಂದೂ ಕೋರುತ್ತೇನೆ. ದಸರಾ ರಜೆಗೆ ಮುಂಚೆ ಸುತ್ತೋಲೆ ಬಂದರೆ, ರಜೆ ಮುಗಿದು ಶಾಲೆ ತೆರೆಯುವ ದಿನದಿಂದ ಹೊಸ ವೇಳಾಪಟ್ಟಿಯನ್ನು ಅಳವಡಿಸಲು ಅವರಿಗೆ ಸಮಯ ಸಿಗುತ್ತದೆ. ಹೊಸ ಸೂಚನೆಗಳ ಹಾಳೆಯನ್ನು ತಾಯಿ, ತಂದೆ ಇಬ್ಬರ ಹೆಸರಿಗೂ ಬರೆಯಲು ತಿಳಿಸಿದರೆ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕಿ
ಕೋಲಾರ